ಟೈರಿನ ನಿಜವಾದ ಪರೀಕ್ಷೆ ಮಳೆಯಲ್ಲಿ

ಸ್ಪೋರ್ಟ್ಸ್ ಕಾರನ್ನು ಕಂಡ ತರುಣರು ಮೊದಲು ಕೇಳುವ ಪ್ರಶ್ನೆ ಅದರ ಎಂಜಿನಿನ ಶಕ್ತಿ ಎಷ್ಟು ಎಂಬುದು. ಎರಡನೆಯದು, ಅದರ ಗರಿಷ್ಠ ವೇಗ ಎಷ್ಟು ಎಂಬುದು. ಆಮೇಲೆ ಬಣ್ಣ, ಬೆಲೆಗಳ ಮಾತು. ಅದರ ಗಾಲಿಗಳಿಗೆ ಯಾವ ಟೈರನ್ನು ತೊಡಿಸಿದ್ದಾರೆ, ಆ ಟೈರು ಎಂತಹ ನೆಲಕ್ಕೆ ತಕ್ಕುದು ಎಂದು ವಿಚಾರಿಸುವವರು ಬಹು ವಿರಳ. ಆದರೆ ಎಂಜಿನಿನ ಶಕ್ತಿಯಾಗಲಿ, ಬ್ರೇಕಿನ ಬಲವಾಗಲಿ, ಚಾಲಕನ ಕೌಶಲವಾಗಲಿ ನೆಲವನ್ನು ಮುಟ್ಟುವುದು ಟೈರಿನ ಮೂಲಕವೇ. ಅಲ್ಲಿ ಹಿಡಿತ ತಪ್ಪಿದರೆ ಉಳಿದುದೆಲ್ಲ ಇದ್ದೂ ಇಲ್ಲದಂತೆ.

ಟೈರನ್ನು ಕುರಿತು ಯೋಚಿಸುವ ಕೆಲವರು ಕೂಡ ಒಂದು ತಪ್ಪು ದಾರಿಯನ್ನು ಹಿಡಿಯುವುದುಂಟು. ಪಂದ್ಯದ ಬಯಲಿನಲ್ಲಿ ಯಾವ ಟೈರು ಎಲ್ಲಕ್ಕಿಂತ ವೇಗವಾಗಿ ಸುತ್ತು ಮುಗಿಸಿತೋ ಅದೇ ಎಲ್ಲಕ್ಕಿಂತ ಒಳ್ಳೆಯ ಟೈರು ಎಂದು ಅವರು ಭಾವಿಸುತ್ತಾರೆ. ಈ ಲೇಖನದ ವಾದ ಅದಕ್ಕೆ ವಿರುದ್ಧವಾದುದು. ಸಾಮಾನ್ಯ ರಸ್ತೆಯಲ್ಲಿ ಓಡುವ ಸ್ಪೋರ್ಟ್ಸ್ ಕಾರಿಗೆ ಟೈರನ್ನು ಆರಿಸುವವನು ಬಿಸಿಲ ದಿನವನ್ನಲ್ಲ, ಮಳೆಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು. ಒಣನೆಲದಲ್ಲಿ ಇದರಿಂದ ಆಗುವ ನಷ್ಟ ಅತ್ಯಲ್ಪ. ಒದ್ದೆ ನೆಲದಲ್ಲಿ ಆಗುವ ಲಾಭ ಒಂದು ಪ್ರಾಣದ ಬೆಲೆಯಷ್ಟಾಗಬಹುದು. ಇದು ಬರಿಯ ಉಪದೇಶವಲ್ಲವೆಂಬುದನ್ನು ಭೌತವಿಜ್ಞಾನದ ನೆರವಿನಿಂದಲೇ ತೋರಿಸಬಹುದು.

ಮೊದಲು ಒಂದು ಸರಳ ಲೆಕ್ಕವನ್ನು ಮಾಡೋಣ. ಕಾರಿನ ತೂಕ ೧,೪೦೦ ಕಿಲೋಗ್ರಾಂ ಇರಲಿ. ನಾಲ್ಕು ಗಾಲಿಗಳೂ ಸಮನಾಗಿ ಹೊತ್ತರೆ ಒಂದೊಂದರ ಪಾಲಿಗೆ ೩೫೦ ಕಿಲೋಗ್ರಾಂ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨.೫ ಕಿಲೋಗ್ರಾಂ, ಎಂದರೆ ಪೆಟ್ರೋಲು ಬಂಕಿನ ಭಾಷೆಯಲ್ಲಿ ಸುಮಾರು ೩೬ ಪೌಂಡು. ಭಾರವನ್ನು ಹೊರುವುದು ಮುಖ್ಯವಾಗಿ ಈ ಗಾಳಿಯೇ ಆದುದರಿಂದ, ೩೫೦ನ್ನು ೨.೫ರಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ವಿಸ್ತೀರ್ಣ ಸ್ಥೂಲವಾಗಿ ದೊರೆಯುತ್ತದೆ. ಅದು ೧೪೦ ಚದರ ಸೆಂಟಿಮೀಟರು. ನಮ್ಮ ಅಂಚೆ ಕಾರ್ಡಿಗಿಂತ ಸ್ವಲ್ಪ ಮಾತ್ರ ದೊಡ್ಡದು! ಇಡೀ ಕಾರನ್ನು ರಸ್ತೆಗೆ ಕಟ್ಟಿಹಾಕಿರುವುದು ಇಂತಹ ನಾಲ್ಕು ಅಂಚೆ ಕಾರ್ಡುಗಳು.

ಈ ಪುಟ್ಟ ತಾಣದಲ್ಲಿ ನಡೆಯುವುದೇನು? ಶಾಲೆಯಲ್ಲಿ ನಾವು ಕಲಿಯುವ ಘರ್ಷಣೆಯ ನಿಯಮಗಳನ್ನು ಫ್ರಾನ್ಸಿನ ಅಮೋಂಟನ್ಸ್ ೧೬೯೯ರಲ್ಲಿ ಪ್ರಕಟಿಸಿದನು. ಅವುಗಳ ಪ್ರಕಾರ ಘರ್ಷಣೆ ಭಾರವನ್ನು ಅವಲಂಬಿಸಿದೆಯೇ ಹೊರತು ಮುಟ್ಟುವ ಮೇಲ್ಮೈಯ ವಿಸ್ತೀರ್ಣವನ್ನಲ್ಲ. ಮರ, ಲೋಹಗಳ ವಿಷಯದಲ್ಲಿ ಈ ನಿಯಮ ಬಹುಮಟ್ಟಿಗೆ ಸರಿ. ಆದರೆ ರಬ್ಬರು ಈ ನಿಯಮಕ್ಕೆ ತಲೆಬಾಗುವುದಿಲ್ಲ. ಅದರ ಮೇಲಿನ ಒತ್ತಡ ಕಡಿಮೆಯಾದಷ್ಟೂ ಅದರ ಘರ್ಷಣಾಂಕ ಹೆಚ್ಚುತ್ತದೆ. ಅಷ್ಟೇ ಭಾರವನ್ನು ಹೆಚ್ಚು ವಿಸ್ತೀರ್ಣದ ಮೇಲೆ ಹರಡಿದರೆ ರಬ್ಬರು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ರಬ್ಬರು ನೆಲವನ್ನು ಹಿಡಿಯುವ ಬಗೆ ಎರಡು. ಮೊದಲನೆಯದು ಅಂಟಿಕೆ. ರಬ್ಬರಿನ ಅಣುಗಳೂ ರಸ್ತೆಯ ಕಲ್ಲಿನ ಅಣುಗಳೂ ಅತಿ ಸಮೀಪಕ್ಕೆ ಬಂದಾಗ ಪರಸ್ಪರ ಆಕರ್ಷಿಸುತ್ತವೆ. ಎರಡನೆಯದು ರಬ್ಬರಿನ ರೂಪವಿಕಾರ. ಮೆತ್ತನೆಯ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳ ಮೇಲೆ ಒತ್ತಿಕೊಂಡು ಅವುಗಳ ಆಕಾರವನ್ನು ತಳೆಯುತ್ತದೆ; ಮುಂದಕ್ಕೆ ಸರಿದಾಗ ತಟಕ್ಕನೆ ಮೊದಲಿನ ರೂಪಕ್ಕೆ ಮರಳದೆ ನಿಧಾನಿಸುತ್ತದೆ. ಈ ವಿಳಂಬದಲ್ಲಿ ಚಲನೆಯ ಶಕ್ತಿಯ ಒಂದಂಶ ಶಾಖವಾಗಿ ಕಳೆದುಹೋಗುತ್ತದೆ. ಅದೇ ಜಾರುವಿಕೆಗೆ ತಡೆಯಾಗುತ್ತದೆ. ಒಣನೆಲದಲ್ಲಿ ಈ ಎರಡೂ ಕೂಡಿ ಕೆಲಸಮಾಡುತ್ತವೆ. ನೆಲ ಒದ್ದೆಯಾದರೆ ತೆಳುವಾದ ನೀರಿನ ಪೊರೆ ನಡುವೆ ಬಂದು ಅಂಟಿಕೆಯನ್ನು ಮುರಿಯುತ್ತದೆ. ಆಗ ಆಧಾರವಾಗಿ ಉಳಿಯುವುದು ಬಹುಮಟ್ಟಿಗೆ ಎರಡನೆಯದೊಂದೇ.

ಇಷ್ಟನ್ನು ಅರಿತರೆ ಪಂದ್ಯದ ಟೈರಿನ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಒಣನೆಲದಲ್ಲಿ ತೋಡುಗಳಿಂದ ಪ್ರಯೋಜನವಿಲ್ಲ. ತೋಡು ಇರುವೆಡೆ ರಬ್ಬರು ನೆಲವನ್ನು ಮುಟ್ಟುವುದಿಲ್ಲ. ಮೇಲಾಗಿ ತೋಡುಗಳ ನಡುವಿನ ರಬ್ಬರಿನ ತುಂಡುಗಳು ತಿರುವಿನಲ್ಲಿ ಬಳುಕಿ ಕಾರಿನ ಬಿಗಿಯನ್ನು ಕೆಡಿಸುತ್ತವೆ. ಆದುದರಿಂದಲೇ ಫಾರ್ಮುಲಾ ಒನ್ ಪಂದ್ಯಗಳಿಗೆ ೧೯೭೧ರಲ್ಲಿ ತೋಡುಗಳೇ ಇಲ್ಲದ ನುಣುಪು ಟೈರು ಬಂದಿತು. ಅದರ ರಬ್ಬರು ಮೃದುವಾದುದು. ಸುಮಾರು ನೀರು ಕುದಿಯುವಷ್ಟು ಬಿಸಿಯಾದಾಗ ಅದು ತನ್ನ ಪೂರ್ಣ ಹಿಡಿತವನ್ನು ತೋರುತ್ತದೆ. ತಣ್ಣಗಾದರೆ ಗಡಸಾಗಿ ಜಾರುತ್ತದೆ.

ಇನ್ನು ಮಳೆ ಬಂದಿತೆಂದು ಇಟ್ಟುಕೊಳ್ಳೋಣ. ರಸ್ತೆಯ ಮೇಲೆ ೩ ಮಿಲಿಮೀಟರು ನೀರು ನಿಂತಿದೆ. ಕಾರು ಗಂಟೆಗೆ ೯೦ ಕಿಲೋಮೀಟರು, ಎಂದರೆ ಸೆಕೆಂಡಿಗೆ ೨೫ ಮೀಟರು ವೇಗದಲ್ಲಿ ಹೋಗುತ್ತಿದೆ. ಟೈರು ನೆಲವನ್ನು ಮುಟ್ಟುವ ಅಗಲ ೨೦ ಸೆಂಟಿಮೀಟರು. ಈ ಮೂರನ್ನೂ ಗುಣಿಸಿ ನೋಡಿರಿ: ಒಂದೊಂದು ಮುಂಗಾಲಿಯೂ ಪ್ರತಿ ಸೆಕೆಂಡಿಗೆ ೧೫ ಲೀಟರು ನೀರನ್ನು ಎದುರಿಸಬೇಕಾಗುತ್ತದೆ. ಇದು ಒಂದು ಬಕೆಟ್ಟು ನೀರು! ಅದರ ಬಹುಭಾಗವನ್ನು ಟೈರು ಮುಂದಕ್ಕೂ ಪಕ್ಕಕ್ಕೂ ದೂಡಬೇಕು, ಇಲ್ಲವೆ ತನ್ನ ತೋಡುಗಳೊಳಗೆ ಹರಿಯಗೊಡಬೇಕು. ಈ ಕೆಲಸಕ್ಕೆ ದೊರೆಯುವ ಕಾಲವಾದರೂ ಎಷ್ಟು? ಟೈರು ನೆಲವನ್ನು ಮುಟ್ಟುವ ಉದ್ದ ೭ ಸೆಂಟಿಮೀಟರಾದರೆ, ಅಷ್ಟು ದೂರವನ್ನು ಕಾರು ದಾಟುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲೂ ಹಿಡಿಯುವುದಿಲ್ಲ.

ಅಷ್ಟರೊಳಗೆ ನೀರು ಹೊರಹೋಗದಿದ್ದರೆ ಟೈರಿನ ಮುಂದೆ ನೀರಿನ ಬೆಣೆಯೊಂದು ಏಳುತ್ತದೆ. ವೇಗ ಹೆಚ್ಚಿದಂತೆ ಆ ಬೆಣೆ ಟೈರಿನ ಕೆಳಗೆ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಹೈಡ್ರೋಪ್ಲೇನಿಂಗ್ ಎಂದು ಹೆಸರು. ನಾವು ಟೈರಿನ ತೇಲುವಿಕೆ ಎನ್ನಬಹುದು. ಆಗ ಸ್ಟೀರಿಂಗನ್ನು ತಿರುಗಿಸಿದರೂ ಕಾರು ತಿರುಗದು. ಬ್ರೇಕನ್ನು ಒತ್ತಿದರೂ ನಿಲ್ಲದು. ಒದ್ದೆಯಾದ ಓಡುದಾರಿಯ ಮೇಲೆ ಇಳಿಯುವ ವಿಮಾನಗಳಿಗೆ ಇದೇ ವಿಪತ್ತು ಒದಗುತ್ತಿದ್ದುದರಿಂದ ಅಮೆರಿಕದ ನಾಸಾ ಸಂಸ್ಥೆ ಇದನ್ನು ಕ್ರಮವಾಗಿ ಅಭ್ಯಸಿಸಿತು. ಅಲ್ಲಿನ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ಎಂಬ ಸಂಶೋಧಕರು ೧೯೬೩ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಪ್ರಸಿದ್ಧವಾಗಿದೆ.

ಅವರು ಕಂಡುಕೊಂಡ ನಿಯಮ ಸೊಗಸಾದುದು. ನೀರು ಸಾಕಷ್ಟು ಆಳವಾಗಿದ್ದು ತೋಡುಗಳಿಂದ ಹೊರಹೋಗಲಾರದಾಗ, ಟೈರು ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒತ್ತಡವನ್ನು ಪೌಂಡುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೧೬.೭ರಿಂದ ಗುಣಿಸಿದರೆ ಆ ವೇಗ ಗಂಟೆಗೆ ಕಿಲೋಮೀಟರುಗಳಲ್ಲಿ ಬರುತ್ತದೆ. ಒತ್ತಡ ೩೬ ಪೌಂಡು ಇದ್ದರೆ ವರ್ಗಮೂಲ ೬. ವೇಗ ಸುಮಾರು ೧೦೦ ಕಿಲೋಮೀಟರು. ಗಾಳಿ ಇಳಿದು ೨೫ ಪೌಂಡಿಗೆ ಬಂದರೆ ವರ್ಗಮೂಲ ೫. ವೇಗ ೮೩ ಕಿಲೋಮೀಟರು. ತಿಂಗಳಿಗೊಮ್ಮೆ ಗಾಳಿಯನ್ನು ಪರೀಕ್ಷಿಸಬೇಕೆಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕೆ?

ಸ್ಪೋರ್ಟ್ಸ್ ಕಾರಿನ ವಿಶೇಷ ತೊಡಕು ಇಲ್ಲಿಯೇ ಇದೆ. ಅದರ ಟೈರುಗಳು ಬಹು ಅಗಲ. ಅಗಲವಾದ ಟೈರು ತಿರುವುಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ, ನೋಡುವುದಕ್ಕೂ ಗಂಭೀರವಾಗಿರುತ್ತದೆ. ಆದರೆ ಭಾರವೂ ಒತ್ತಡವೂ ಅಷ್ಟೇ ಇರುವಾಗ ಅಗಲ ಹೆಚ್ಚಿದರೆ ಮುಟ್ಟುವ ಉದ್ದ ಕಡಿಮೆಯಾಗಲೇಬೇಕು. ೧೪ ಸೆಂಟಿಮೀಟರು ಅಗಲದ ಟೈರು ೧೦ ಸೆಂಟಿಮೀಟರು ಉದ್ದಕ್ಕೆ ನೆಲವನ್ನು ಮುಟ್ಟಿದರೆ, ೨೦ ಸೆಂಟಿಮೀಟರು ಅಗಲದ್ದು ೭ ಸೆಂಟಿಮೀಟರು ಉದ್ದಕ್ಕೆ ಮಾತ್ರ ಮುಟ್ಟುತ್ತದೆ. ಹೀಗಾಗಿ ಅಗಲವಾದ ಟೈರಿಗೆ ಹೊರದೂಡಬೇಕಾದ ನೀರು ಹೆಚ್ಚು. ಅದಕ್ಕೆ ದೊರೆಯುವ ಕಾಲ ಕಡಿಮೆ. ಒಣನೆಲದಲ್ಲಿ ಗುಣವೆನಿಸಿದುದೇ ನೀರಿನಲ್ಲಿ ದೋಷವಾಗುತ್ತದೆ. ಸಾಧಾರಣ ಕುಟುಂಬದ ಕಾರಿಗಿಂತ ಸ್ಪೋರ್ಟ್ಸ್ ಕಾರಿನ ಒಡೆಯನೇ ಮಳೆಯನ್ನು ಹೆಚ್ಚು ಗಮನಿಸಬೇಕೆಂದು ಹೇಳುವುದು ಈ ಕಾರಣದಿಂದ.

ಬಲ್ಲವರ ಕೈಯಲ್ಲಿಯೂ ಟೈರಿನ ಆಯ್ಕೆ ಎಷ್ಟು ನಿರ್ಣಾಯಕವಾದುದೆಂಬುದಕ್ಕೆ ೨೦೦೮ನೆಯ ನವೆಂಬರ್ ೨ರಂದು ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿ ನಡೆದ ಪಂದ್ಯವೇ ಸಾಕ್ಷಿ. ವರ್ಷದ ಕೊನೆಯ ಪಂದ್ಯ ಅದು. ವಿಶ್ವವಿಜೇತನಾಗಲು ಲೂಯಿಸ್ ಹ್ಯಾಮಿಲ್ಟನ್ ಐದನೆಯ ಸ್ಥಾನವನ್ನಾದರೂ ಪಡೆಯಬೇಕಾಗಿದ್ದಿತು. ಪಂದ್ಯ ಮುಗಿಯುವುದಕ್ಕೆ ಕೆಲವೇ ಸುತ್ತುಗಳಿರುವಾಗ ಮಳೆ ಬಂದಿತು. ಹ್ಯಾಮಿಲ್ಟನ್ ಸೇರಿದಂತೆ ಮುಂದಿದ್ದ ಬಹುಮಂದಿ ಒದ್ದೆ ನೆಲದ ಟೈರುಗಳನ್ನು ಹಾಕಿಸಿಕೊಂಡರು. ಟೊಯೊಟಾ ತಂಡದ ಟಿಮೊ ಗ್ಲಾಕ್ ಮಾತ್ರ ಒಣನೆಲದ ಟೈರುಗಳಲ್ಲಿಯೇ ಮುಂದುವರಿದನು. ಟೈರು ಬದಲಿಸುವ ಕಾಲ ಉಳಿದುದರಿಂದ ಅವನು ನಾಲ್ಕನೆಯ ಸ್ಥಾನಕ್ಕೆ ಬಂದನು. ಕೊನೆಯ ಸುತ್ತಿನಲ್ಲಿ ಮಳೆ ಬಲವಾಯಿತು. ತಣ್ಣಗಾದ ಟೈರುಗಳಲ್ಲಿ ಗ್ಲಾಕನ ಕಾರು ತೆವಳತೊಡಗಿತು. ಸೆಬಾಸ್ಟಿಯನ್ ವೆಟ್ಟೆಲ್ ಅವನನ್ನು ಹಿಂದಿಕ್ಕಿದನು. ಅವನ ಹಿಂದೆಯೇ ಹ್ಯಾಮಿಲ್ಟನನೂ ಕೊನೆಯ ತಿರುವುಗಳಲ್ಲಿ ದಾಟಿ ಐದನೆಯವನಾದನು. ಆ ವರ್ಷದ ವಿಶ್ವವಿಜಯ ನಿರ್ಧಾರವಾದುದು ೯೮ಕ್ಕೆ ೯೭ ಅಂಕಗಳಿಂದ. ಸೋತವನು ಅಂದಿನ ಪಂದ್ಯವನ್ನೇ ಗೆದ್ದಿದ್ದ ಫೆಲಿಪೆ ಮಾಸಾ. ಗ್ಲಾಕನ ಚಾತುರ್ಯವಾಗಲಿ ಕಾರಿನ ಎಂಜಿನಾಗಲಿ ಆ ಒಂದು ಸುತ್ತಿನಲ್ಲಿ ಕುಂದಲಿಲ್ಲ. ಕುಂದಿದುದು ರಬ್ಬರಿನ ಹಿಡಿತ.

ಈ ಘಟನೆಯಿಂದ ನಾವು ಕಲಿಯಬೇಕಾದುದೇನು? ಪಂದ್ಯದಲ್ಲಿ ಚಾಲಕನಿಗೆ ಟೈರುಗಳನ್ನು ಕೆಲವೇ ಸೆಕೆಂಡುಗಳಲ್ಲಿ ಬದಲಿಸುವ ತಂಡವಿರುತ್ತದೆ. ಒಣನೆಲಕ್ಕೊಂದು, ತುಸು ಒದ್ದೆಗೊಂದು, ಜಡಿಮಳೆಗೊಂದು ಎಂದು ಬೇರೆ ಬೇರೆ ಟೈರುಗಳು ಸಿದ್ಧವಾಗಿರುತ್ತವೆ. ದಾರಿಯ ಪಕ್ಕದಲ್ಲಿ ರಕ್ಷಣೆಯ ಬೇಲಿಗಳಿರುತ್ತವೆ. ಎದುರಿನಿಂದ ಬಸ್ಸಾಗಲಿ ಎತ್ತಿನ ಗಾಡಿಯಾಗಲಿ ಬರುವುದಿಲ್ಲ. ಸಾಮಾನ್ಯ ರಸ್ತೆಯಲ್ಲಿ ಇವು ಯಾವುವೂ ಇಲ್ಲ. ಬೆಳಗ್ಗೆ ಬಿಸಿಲಿನಲ್ಲಿ ಯಾವ ಟೈರಿನೊಡನೆ ಮನೆಯಿಂದ ಹೊರಟೆವೋ, ಸಂಜೆಯ ಮಳೆಯಲ್ಲಿ ಅದೇ ಟೈರಿನೊಡನೆ ಮನೆಗೆ ಮರಳಬೇಕು.

ಇಂದು ಕೆಲವು ಸ್ಪೋರ್ಟ್ಸ್ ಕಾರುಗಳಿಗೆ ಅರೆನುಣುಪಾದ ಟೈರುಗಳು ದೊರೆಯುತ್ತವೆ. ರಸ್ತೆಯಲ್ಲಿ ಓಡಿಸಲು ಕಾನೂನಿನ ಒಪ್ಪಿಗೆಯಿದ್ದರೂ ಅವುಗಳಲ್ಲಿ ತೋಡುಗಳು ಕಡಿಮೆ. ರಬ್ಬರು ಪಂದ್ಯದ ಬಗೆಗೆ ಹತ್ತಿರವಾದುದು. ಅಂತಹ ಟೈರನ್ನೂ, ಮಳೆ ಬಿಸಿಲುಗಳೆರಡನ್ನೂ ಎಣಿಸಿ ಮಾಡಿದ ಟೈರನ್ನೂ ಹೋಲಿಸೋಣ. ಮುಂದೆ ಬರುವ ಘರ್ಷಣಾಂಕಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು; ಯಾವ ಕಂಪನಿಯ ಟೈರಿನವೂ ಅಲ್ಲ. ಮೊದಲನೆಯದರ ಘರ್ಷಣಾಂಕ ಒಣನೆಲದಲ್ಲಿ ೧.೦, ಒದ್ದೆ ನೆಲದಲ್ಲಿ ೦.೪೫ ಇರಲಿ. ಎರಡನೆಯದರದು ಒಣನೆಲದಲ್ಲಿ ೦.೯೫, ಒದ್ದೆ ನೆಲದಲ್ಲಿ ೦.೬೫ ಇರಲಿ. ಗಂಟೆಗೆ ೯೦ ಕಿಲೋಮೀಟರು ವೇಗದಿಂದ ಬ್ರೇಕು ಒತ್ತಿದಾಗ ಕಾರು ನಿಲ್ಲುವ ದೂರವನ್ನು, ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿ ಕಂಡುಕೊಳ್ಳಬಹುದು.

ಒಣನೆಲದಲ್ಲಿ ಮೊದಲನೆಯ ಕಾರು ಸುಮಾರು ೩೨ ಮೀಟರಿನಲ್ಲಿಯೂ ಎರಡನೆಯದು ೩೪ ಮೀಟರಿನಲ್ಲಿಯೂ ನಿಲ್ಲುತ್ತವೆ. ವ್ಯತ್ಯಾಸ ಎರಡು ಮೀಟರನ್ನೂ ಮುಟ್ಟುವುದಿಲ್ಲ. ಒದ್ದೆ ನೆಲದಲ್ಲಿ ಎರಡನೆಯ ಕಾರು ೪೯ ಮೀಟರಿನಲ್ಲಿ ನಿಂತರೆ ಮೊದಲನೆಯದಕ್ಕೆ ೭೧ ಮೀಟರು ಬೇಕು. ಎರಡನೆಯ ಕಾರು ಸಂಪೂರ್ಣವಾಗಿ ನಿಂತ ಸ್ಥಳವನ್ನು ಮೊದಲನೆಯದು ದಾಟುವಾಗ ಇನ್ನೂ ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿರುತ್ತದೆ! ಆ ಸ್ಥಳದಲ್ಲಿ ಶಾಲೆಯಿಂದ ಮರಳುವ ಮಗುವೊಂದು ರಸ್ತೆ ದಾಟುತ್ತಿದ್ದರೆ ಆಗಬಹುದಾದುದೇನೆಂಬುದನ್ನು ವಿವರಿಸಬೇಕಾಗಿಲ್ಲ. ಒಣ ದಿನದ ಎರಡು ಮೀಟರಿಗಾಗಿ ಮಳೆಯ ದಿನದ ಇಪ್ಪತ್ತೆರಡು ಮೀಟರನ್ನು ತೆತ್ತವನನ್ನು ಜಾಣ ವ್ಯಾಪಾರಿಯೆಂದು ಯಾರು ತಾನೆ ಕರೆದಾರು?

ಇದಕ್ಕೆ ಕೆಲವರು ಆಕ್ಷೇಪವೆತ್ತಬಹುದು. “ಮಳೆಯಲ್ಲಿ ನಾವು ನಿಧಾನವಾಗಿಯೇ ಓಡಿಸುತ್ತೇವೆ, ಟೈರು ಯಾವುದಾದರೇನು?” ಎಂಬುದು ಒಂದು. ಈ ಮಾತಿನಲ್ಲಿ ಸತ್ಯವಿದೆ. ವೇಗವನ್ನು ೬೦ ಕಿಲೋಮೀಟರಿಗೆ ಇಳಿಸಿದರೆ ಮೊದಲನೆಯ ಟೈರೂ ಒದ್ದೆ ನೆಲದಲ್ಲಿ ೩೨ ಮೀಟರಿನೊಳಗೆ ಕಾರನ್ನು ನಿಲ್ಲಿಸುತ್ತದೆ. ಬಲಗಾಲಿನ ಸಂಯಮಕ್ಕೆ ಸಮನಾದ ಟೈರು ಇಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಮಳೆ ಹೇಳಿ ಕೇಳಿ ಬರುವುದಿಲ್ಲ. ತಿರುವಿನ ಆಚೆ ನಿಂತ ನೀರು ಮೊದಲೇ ಕಾಣುವುದಿಲ್ಲ. ಬಹುದಿನಗಳ ಬಿಸಿಲಿನ ಬಳಿಕ ಬೀಳುವ ಮೊದಲ ಹನಿಗಳು ರಸ್ತೆಯ ಎಣ್ಣೆ, ಧೂಳುಗಳೊಡನೆ ಕಲೆತು ಜಾರುವ ಲೇಪವನ್ನು ಮಾಡುತ್ತವೆ. ಚಾಲಕನು ಎಚ್ಚೆತ್ತು ನಿಧಾನಿಸುವ ಮೊದಲೇ ಅಪಾಯ ಒದಗಿರುತ್ತದೆ. ನಿಧಾನವೂ ಬೇಕು, ಒಳ್ಳೆಯ ಟೈರೂ ಬೇಕು. ಒಂದಿದ್ದರೆ ಇನ್ನೊಂದು ಬೇಡವೆಂಬ ವಾದ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ, ಮಳೆಯೇ ಅಪರೂಪವಾದ ನಾಡಿನವರದು. ಮತ್ತು ಕಾರನ್ನು ಪಂದ್ಯದ ಬಯಲಿನಲ್ಲಿ ಮಾತ್ರ ಓಡಿಸುವವರದು. ಇದು ನ್ಯಾಯವಾದುದು. ಅಂತಹವರು ಒಣನೆಲದ ಟೈರನ್ನೇ ಕೊಳ್ಳಲಿ. ಆದರೆ ಬಯಲಿಗೊಂದು ಜೊತೆ ಗಾಲಿ, ರಸ್ತೆಗೊಂದು ಜೊತೆ ಗಾಲಿ ಎಂದು ಬೇರೆಯಾಗಿ ಇಟ್ಟುಕೊಳ್ಳುವುದು ಉತ್ತಮ.

ಒದ್ದೆ ನೆಲದ ಹಿಡಿತವನ್ನು ಬಯಸಿದರೆ ಬೇರೆ ಗುಣಗಳನ್ನು ತೊರೆಯಬೇಕಾಗುವುದೆ? ಹಿಂದೆ ಹಾಗೆಯೇ ಇದ್ದಿತು. ನೀರಿನಲ್ಲಿ ಚೆನ್ನಾಗಿ ಹಿಡಿಯುವ ರಬ್ಬರು ಉರುಳುವಾಗ ಹೆಚ್ಚು ಶಕ್ತಿಯನ್ನು ನುಂಗಿ ಪೆಟ್ರೋಲನ್ನು ವ್ಯರ್ಥಮಾಡುತ್ತಿದ್ದಿತು. ಆದರೆ ಈ ಎರಡು ಕ್ರಿಯೆಗಳು ಒಂದೇ ಲಯದಲ್ಲಿ ನಡೆಯುವುದಿಲ್ಲ. ಎರಡು ಮೀಟರು ಸುತ್ತಳತೆಯ ಗಾಲಿ ೯೦ ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಹನ್ನೆರಡು ಸಲ ಉರುಳುತ್ತದೆ. ಜಾರುವ ರಬ್ಬರಾದರೋ ರಸ್ತೆಯ ಸೂಕ್ಷ್ಮವಾದ ಉಬ್ಬುಗಳ ಮೇಲೆ ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ನಿಧಾನವಾದ ಲಯದಲ್ಲಿ ಕಡಿಮೆ ಶಕ್ತಿಯನ್ನೂ, ಶೀಘ್ರವಾದ ಲಯದಲ್ಲಿ ಹೆಚ್ಚು ಶಕ್ತಿಯನ್ನೂ ನುಂಗುವ ರಬ್ಬರು ದೊರೆತರೆ ಎರಡೂ ಸಾಧಿಸಿದಂತಾಯಿತು. ರಬ್ಬರಿಗೆ ಬೆರೆಸುವ ಇಂಗಾಲದ ಮಸಿಯ ಬಹುಭಾಗಕ್ಕೆ ಬದಲಾಗಿ ಸಿಲಿಕಾವನ್ನು ಬಳಸಿ ಇದನ್ನು ಸಾಧಿಸಿದರು. ಫ್ರಾನ್ಸಿನ ಮಿಶೆಲಿನ್ ಕಂಪನಿ ೧೯೯೨ರಲ್ಲಿ ಇಂತಹ ಟೈರನ್ನು ಮಾರುಕಟ್ಟೆಗೆ ತಂದಿತು. ಮರಳಿನ ಮೂಲವಸ್ತುವಾದ ಸಿಲಿಕಾ ಹೀಗೆ ಮಳೆಯಲ್ಲಿ ನಮ್ಮ ರಕ್ಷಕನಾಗಿದೆ.

ಸರ್ಕಾರಗಳು ಟೈರನ್ನು ಅಳೆಯುವ ರೀತಿಯನ್ನು ನೋಡಿದರೂ ನಮ್ಮ ವಾದಕ್ಕೆ ಬೆಂಬಲ ದೊರೆಯುತ್ತದೆ. ಯೂರೋಪಿನ ಒಕ್ಕೂಟದಲ್ಲಿ ೨೦೧೨ರಿಂದ ಟೈರುಗಳೊಡನೆ ಗುಣಮಟ್ಟದ ಚೀಟಿ ಇರಬೇಕೆಂದು ಕಡ್ಡಾಯವಾಯಿತು. ಅದರಲ್ಲಿ ಪೆಟ್ರೋಲಿನ ಉಳಿತಾಯ, ಸದ್ದು ಇವುಗಳ ಜೊತೆಗೆ ಒದ್ದೆ ನೆಲದ ಹಿಡಿತವನ್ನು ದರ್ಜೆಕಟ್ಟಿ ತೋರಿಸುತ್ತಾರೆ. ಒಣನೆಲದ ಹಿಡಿತಕ್ಕೆ ಅದರಲ್ಲಿ ಸ್ಥಾನವೇ ಇಲ್ಲ. ಅಮೆರಿಕದವರು ಟೈರಿನ ಪಕ್ಕದಲ್ಲಿ ಅಚ್ಚೊತ್ತುವ ಹಿಡಿತದ ದರ್ಜೆಯೂ ಒದ್ದೆಯಾದ ಡಾಂಬರು ಮತ್ತು ಕಾಂಕ್ರೀಟು ನೆಲಗಳ ಮೇಲಿನ ಪರೀಕ್ಷೆಯಿಂದ ಬಂದುದು. ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ಹೊರಡಿಸಿದ ನಿಯಮದ ಮೂಲಕ ಟೈರುಗಳಿಗೆ ಒದ್ದೆ ನೆಲದ ಹಿಡಿತದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದರು. ಕೊಳ್ಳುವವರು ಜಾಹಿರಾತಿನ ಚಿತ್ರಕ್ಕಿಂತ ಮೊದಲು ಈ ದರ್ಜೆಯನ್ನು ನೋಡುವುದು ಲೇಸು.

ಕೊಂಡ ಮೇಲೆಯೂ ಕರ್ತವ್ಯ ಮುಗಿಯುವುದಿಲ್ಲ. ಹೊಸ ಟೈರಿನಲ್ಲಿ ಸುಮಾರು ೮ ಮಿಲಿಮೀಟರು ಆಳದ ತೋಡುಗಳಿದ್ದರೆ, ಅದು ೧.೬ ಮಿಲಿಮೀಟರಿಗೆ ಸವೆಯುವವರೆಗೆ ಬಳಸಲು ನಮ್ಮ ಕಾನೂನೂ ಯೂರೋಪಿನ ಕಾನೂನೂ ಅವಕಾಶ ಕೊಡುತ್ತವೆ. ಆಗ ನೀರನ್ನು ಸಾಗಿಸುವ ಕಾಲುವೆಯ ಆಳ ಐದನೆಯ ಒಂದು ಪಾಲಿಗೆ ಇಳಿದಿರುತ್ತದೆ. ಇದಕ್ಕಾಗಿಯೇ ಯೂರೋಪಿನ ಹಲವು ಮೋಟಾರು ಸಂಘಗಳು ೩ ಮಿಲಿಮೀಟರಿಗೇ ಟೈರನ್ನು ಬದಲಿಸಿರೆಂದು ಸಲಹೆ ಕೊಡುತ್ತವೆ. ಕಾನೂನು ಹೇಳುವುದು ಕನಿಷ್ಠ ಮಿತಿಯನ್ನು. ವಿವೇಕ ಅದಕ್ಕಿಂತ ಮೊದಲೇ ನಿಲ್ಲಬೇಕು.

ಸವೆಯದ ಟೈರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಜೋನುಗಳ ಸಂಪರ್ಕದಿಂದ ರಬ್ಬರು ವರ್ಷಗಳು ಕಳೆದಂತೆ ಗಡಸಾಗುತ್ತದೆ, ಬಿರಿಯುತ್ತದೆ. ಹೆಚ್ಚು ಕಾಲ ಷೆಡ್ಡಿನಲ್ಲಿಯೇ ಇರುವ ಸ್ಪೋರ್ಟ್ಸ್ ಕಾರಿಗೆ ಈ ಅಪಾಯ ಅಧಿಕ. ೨೦೧೩ನೆಯ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿತ್ರನಟ ಪಾಲ್ ವಾಕರ್ ಮಡಿದ ಅಪಘಾತದ ತನಿಖೆಯಲ್ಲಿ ಮುಖ್ಯ ಕಾರಣ ಅತಿವೇಗವೆಂದು ತಿಳಿದುಬಂದಿತು. ಆ ಕಾರಿನ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದುವೆಂಬುದೂ ಬೆಳಕಿಗೆ ಬಂದಿತು. ಅಂದು ರಸ್ತೆಯಾದರೋ ಒಣಗಿದ್ದಿತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕೆಗಳು ಅದನ್ನು ತಯಾರಿಸಿದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ಇಪ್ಪತ್ತಮೂರನೆಯ ವಾರ.

ವಾಚಕರಲ್ಲಿ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವರು ಕೆಲವರೇ ಇರಬಹುದು. ಆದರೆ ಆಗುಂಬೆಯ ಘಾಟಿಯನ್ನು ಶ್ರಾವಣದಲ್ಲಿ ಇಳಿಯುವ ಬಸ್ಸಿಗೂ, ತಂದೆಯವರ ಸ್ಕೂಟರಿಗೂ ಇದೇ ಭೌತನಿಯಮಗಳು ಅನ್ವಯಿಸುತ್ತವೆ. ವಿಜ್ಞಾನದ ವಿದ್ಯಾರ್ಥಿಯು ಯಾವ ಯಂತ್ರವನ್ನಾದರೂ ಅದರ ಅತ್ಯುತ್ತಮವಾದ ದಿನದ ಸಾಧನೆಯಿಂದ ಅಳೆಯಬಾರದು. ಅತ್ಯಂತ ಕಷ್ಟದ ದಿನದಲ್ಲಿ ಅದು ಎಷ್ಟು ನಂಬಿಕೆಗೆ ಅರ್ಹವೆಂಬುದರಿಂದ ಅಳೆಯಬೇಕು. ಸೇತುವೆಯನ್ನು ಕಟ್ಟುವವನು ನದಿಯ ಬೇಸಗೆಯ ಹರಿವನ್ನಲ್ಲ, ಮಹಾಪೂರವನ್ನು ಎಣಿಸಿ ಕಟ್ಟುತ್ತಾನೆ. ಟೈರನ್ನು ಕೊಳ್ಳುವವನು ಅಷ್ಟೇ ಮುಂದಾಲೋಚನೆಯನ್ನು ತೋರಿದರೆ ಸಾಕು. ಮನೆಯಲ್ಲಿ ವಾಹನವಿರುವ ವಿದ್ಯಾರ್ಥಿಗಳು ಇಂದೇ ಅದರ ಟೈರಿನ ತೋಡಿನಲ್ಲಿ ಅಳತೆಯ ಕಡ್ಡಿಯನ್ನಿಟ್ಟು ನೋಡಲಿ. ಮಳೆಗಾಲ ಬರುವುದಕ್ಕೆ ಮೊದಲು ಮಾಡಬೇಕಾದ ಪ್ರಯೋಗ ಅದು.